ಮೂರನೇ ಚಿತ್ರದ ದೋಣಿಗೆ ಚುಕ್ಕಾಣಿ ಯಾಕಿಲ್ಲ?

ತುಂಗಾತೀರದವ
ಚಿತ್ರಕಾರ ತನ್ನ ಚಿತ್ರದ ಅರ್ಥವನ್ನು ತಾನೇ ಬರೆದಿಟ್ಟು ಹೋದರೆ ನೋಡುವವರು ಅದನ್ನೇ ಒಪ್ಪಿಕೊಳ್ಳಬೇಕಾ? ಅಮೆರಿಕದ ಚಿತ್ರಕಾರ ಥಾಮಸ್ ಕೋಲ್‌ನ 'ದಿ ವಾಯೇಜ್ ಆಫ್ ಲೈಫ್' ನೋಡಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಮಗಳ ಮನೆಗೆ ಹೋದಾಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ನೋಡಿದೆ. ನಾಲ್ಕು ದೊಡ್ಡ ತೈಲಚಿತ್ರಗಳು. ಬಾಲ್ಯ, ಯೌವನ, ನಡುವಯಸ್ಸು, ಮುಪ್ಪು. ನಾಲ್ಕರಲ್ಲೂ ಒಂದೇ ನದಿ, ಒಂದೇ ಬಂಗಾರದ ದೋಣಿ, ಒಬ್ಬನೇ ಮನುಷ್ಯ. ಜೊತೆಗೆ ಅವನನ್ನು ಕಾಯುವ ಒಂದು ದೇವತೆ. ಮೊದಲ ಚಿತ್ರದಲ್ಲಿ ಮಗು, ಚುಕ್ಕಾಣಿ ದೇವತೆಯ ಕೈಯಲ್ಲಿ. ಎರಡನೆಯದರಲ್ಲಿ ಹುಡುಗ ತಾನೇ ಚುಕ್ಕಾಣಿ ಹಿಡಿದು ಹೊರಟಿದ್ದಾನೆ, ದೇವತೆ ದಡದಲ್ಲಿ ನಿಂತು ಬೀಳ್ಕೊಡುತ್ತಿದೆ. ಮೂರನೆಯದರಲ್ಲಿ ಕಾರ್ಮೋಡ, ಬಂಡೆ, ರಭಸದ ನೀರು. ಚುಕ್ಕಾಣಿಯೇ ಇಲ್ಲ. ಅವನು ಕೈ ಜೋಡಿಸಿ ಮೇಲೆ ನೋಡುತ್ತಿದ್ದಾನೆ. ದೇವತೆ ಇದೆ, ಆದರೆ ದೂರದ ಮೋಡದಲ್ಲಿ, ಅವನ ಬೆನ್ನ ಹಿಂದೆ.

ಆ ಮೇಲೆ ನೋಡುವ ನೋಟ ದೈವವನ್ನು ನಂಬುವ ನೋಟ, ಅದೇ ಅವನನ್ನು ಉಳಿಸುತ್ತದೆ ಅನ್ನುವ ಅರ್ಥದಲ್ಲಿ ಕೋಲ್ ತನ್ನ ವಿವರಣೆಯಲ್ಲಿ ಬರೆದಿದ್ದಾನೆ. ನನಗೆ ಹಾಗೆ ಕಾಣಲೇ ಇಲ್ಲ. ಐವತ್ತರ ಹೊತ್ತಿಗೆ ನನ್ನ ಅಂಗಡಿ ಮುಚ್ಚಿತು. ಸಾಲ ತೀರಿಸಲು ತೋಟದ ಒಂದು ಭಾಗ ಹೋಯಿತು. ಆಗ ನನಗೆ ಬೇಕಿದ್ದದ್ದು ಬೆನ್ನ ಹಿಂದೆ ಸುಮ್ನೆ ಕೂತು ನೋಡುವ ದೇವತೆ ಅಲ್ಲ, ಕೈಗೆ ಒಂದು ಚುಕ್ಕಾಣಿ. ಆ ಮನುಷ್ಯನ ಮುಖದಲ್ಲಿ ನನಗೆ ಕಂಡದ್ದು ನಂಬಿಕೆ ಅಲ್ಲ, 'ಈಗಲಾದರೂ ಬಾ' ಅನ್ನುವ ಸಿಟ್ಟು. ಹೀಗೆ ಓದುವುದು ತಪ್ಪಾ?

ಬೆಳ್ಳಿಮೋಡ_22
ತಪ್ಪೇನಿಲ್ಲ ಸರ್. ಚಿತ್ರ ಗೋಡೆಗೆ ಹೋದ ಮೇಲೆ ನೋಡುವವರದ್ದು.

ಕುಂಚ_ಮೇಷ್ಟ್ರು
ನೋಡುವವರದ್ದು ಅಂತ ಅಷ್ಟು ಸುಲಭವಾಗಿ ಹೇಳಬೇಡಿ. ಮೊದಲು ಚಿತ್ರದಲ್ಲಿ ಏನಿದೆ ಅಂತ ಪೂರ್ತಿ ನೋಡೋಣ. ಅರ್ಥ ಆಮೇಲೆ.

ದೋಣಿಯ ಮುಂತುದಿಯಲ್ಲಿ ಒಂದು ಬೊಂಬೆ ಇದೆ, ಅದರ ಕೈಯಲ್ಲಿ ಮರಳು ಗಡಿಯಾರ. ಅದು ಕಾಲ. ದೋಣಿಯ ಮೈಗೂ ಗಂಟೆಗಳನ್ನು ಸೂಚಿಸುವ ಆಕೃತಿಗಳನ್ನು ಕೆತ್ತಿದ್ದಾನೆ. ಮಗು ಗುಹೆಯಿಂದ ಹೊರಗೆ ಬರುವಾಗ ಬೆಳಗಿನ ಜಾವದ ಕೆಂಪು ಬೆಳಕು, ದಡದ ತುಂಬ ಹೂವು. ಯೌವನಕ್ಕೆ ತಿಳಿ ಆಕಾಶ, ಎತ್ತರದ ಹಸಿರು ಮರ. ಮೂರನೆಯದಕ್ಕೆ ಬಂದರೆ ಬೋಳಾದ, ತಿರುಚಿಕೊಂಡ ಬೊಡ್ಡೆ. ನಾಲ್ಕನೆಯದರಲ್ಲಿ ಹಸಿರೇ ಇಲ್ಲ, ಬರೀ ಬಂಡೆ ಮತ್ತು ಕಡಲು. ಮರಳು ಗಡಿಯಾರ ಹಿಡಿದ ಆ ಬೊಂಬೆಯೂ ಅಷ್ಟು ಹೊತ್ತಿಗೆ ಮುರಿದು ಹೋಗಿದೆ. ಇದನ್ನೆಲ್ಲ ಯಾರೂ ಬರೆದು ಹೇಳಬೇಕಿಲ್ಲ. ಮರ ಮತ್ತು ಬೆಳಕನ್ನು ನೋಡಿದರೆ ಸಾಕು.

ಈಗ ನಿಮ್ಮ ಮೂರನೇ ಚಿತ್ರ. ಹಿಂದಿನ ಕಾರ್ಮೋಡದಲ್ಲಿ ದೆವ್ವಗಳಂಥ ಮುಖಗಳಿವೆ, ನೋಡಿದಿರಾ? ಅವು ಆತ್ಮಹತ್ಯೆ, ಕುಡಿತ, ಕೊಲೆ ಅಂತ ಕೋಲ್ ಬರೆದಿದ್ದಾನೆ. ಕಷ್ಟದಲ್ಲಿ ಸಿಕ್ಕವನನ್ನು ಎಳೆಯುವ ಮೂರು ದಾರಿಗಳು. ಅಂದರೆ ಅವನು ಬರೀ ನೀರಿನ ಜೊತೆ ಹೋರಾಡುತ್ತಿಲ್ಲ. ಕುಡಿತಕ್ಕೆ ಬೀಳದೆ, ಜೀವ ಕಳೆದುಕೊಳ್ಳದೆ, ಇನ್ನೊಬ್ಬರ ಜೀವ ತೆಗೆಯದೆ ದೋಣಿಯಲ್ಲೇ ನಿಂತಿದ್ದಾನೆ. ನಿಮ್ಮ ಸಿಟ್ಟು ಅಲ್ಲಿ ಇರಬಹುದು, ಇಲ್ಲ ಅನ್ನಲ್ಲ. ಆದರೆ ಈ ಮೂರು ಮುಖಗಳನ್ನು ಬಿಟ್ಟು ಓದಿದರೆ ಅರ್ಧ ಚಿತ್ರ ಮಾತ್ರ ಓದಿದ ಹಾಗೆ.

ತುಂಗಾತೀರದವ
ಮೇಷ್ಟ್ರೇ, ಆ ಮುಖಗಳನ್ನು ಗ್ಯಾಲರಿಯಲ್ಲಿ ನಾನು ಮೋಡ ಅಂತಲೇ ನೋಡಿಕೊಂಡು ಬಂದೆ. ಈಗ ಫೋಟೋ ದೊಡ್ಡದು ಮಾಡಿದರೆ ಕಾಣುತ್ತಿದೆ. ಮೈ ಜುಂ ಅಂದಿತು. ಆ ಹೊತ್ತಿನಲ್ಲಿ ಅವುಗಳಲ್ಲಿ ಒಂದು ನನ್ನ ಮನೆ ಬಾಗಿಲಿಗೂ ಬಂದಿತ್ತು.

ಹೊಳೆಸಾಲು
ಇದು ನಮ್ಮ ನಾಲ್ಕು ಆಶ್ರಮಗಳೇ ಅಲ್ವಾ? ಬ್ರಹ್ಮಚರ್ಯ, ಗೃಹಸ್ಥ, ವಾನಪ್ರಸ್ಥ, ಸನ್ಯಾಸ. ಜೀವನದ ಕೊನೆಗೆ ಬಂದ ಮುದುಕ ಮಾತ್ರ ಇಷ್ಟು ಚೆನ್ನಾಗಿ ಬರೆಯಬಲ್ಲ. ಕೋಲ್ ಎಲ್ಲ ಅನುಭವಿಸಿ ಕೊನೆಗಾಲದಲ್ಲಿ ಬರೆದಿರಬೇಕು.

ಗ್ರಂಥಾಲಯದ_ಮೂಲೆ
ಎರಡೂ ಸರಿಯಲ್ಲ.

ಆಶ್ರಮಗಳು ಮಾಡಬೇಕಾದ ಕೆಲಸದ ಲೆಕ್ಕ. ಯಾವ ವಯಸ್ಸಿಗೆ ಏನು ಕರ್ತವ್ಯ ಅನ್ನುವುದು ಅಲ್ಲಿ ಮುಖ್ಯ. ಕೋಲ್‌ನ ದೋಣಿಯವನಿಗೆ ಕರ್ತವ್ಯವೇ ಇಲ್ಲ. ಅವನಿಗೆ ಆಗುವುದು ಮಾತ್ರ ಇದೆ. ನಾಲ್ಕು ಅಂತ ಕಂಡ ತಕ್ಷಣ ಸೇರಿಸಿಬಿಡಬಾರದು.

ಇನ್ನು ವಯಸ್ಸು. ಕೋಲ್ ಹುಟ್ಟಿದ್ದು 1801ರಲ್ಲಿ, ಇಂಗ್ಲೆಂಡಿನ ಲ್ಯಾಂಕಷೈರ್‌ನಲ್ಲಿ. 1818ರಲ್ಲಿ ಮನೆಯವರ ಜೊತೆ ಅಮೆರಿಕಕ್ಕೆ ಹೋದ. ಈ ಚಿತ್ರಗಳನ್ನು ಮುಗಿಸಿದ್ದು 1840ರಲ್ಲಿ. ಆಗ ಅವನಿಗೆ 39. ತೀರಿಕೊಂಡದ್ದು 1848ರಲ್ಲಿ, 47ನೇ ವಯಸ್ಸಿಗೆ. ನಾಲ್ಕನೇ ಚಿತ್ರದ ವಯಸ್ಸನ್ನು ಅವನು ಮುಟ್ಟಲೇ ಇಲ್ಲ. ಮುಪ್ಪು ಅವನ ಊಹೆ. ಸ್ವಂತ ಅನುಭವದಿಂದ ಬರೆದದ್ದು ಅಂದರೆ ಮೂರನೆಯದೇ.

ಹೊಳೆಸಾಲು
ಹಾಗಿದ್ದರೆ ತುಂಗಾತೀರದವರ ಓದಿಗೆ ಬಲ ಬಂತು. ಮೂರನೆಯದರ ಒಳಗೆ ನಿಂತುಕೊಂಡೇ ನಾಲ್ಕನ್ನೂ ಬರೆದಿದ್ದಾನೆ.

ಪೊಟೊಮ್ಯಾಕ್_ಕನ್ನಡಿಗ
ನಾನು ಈ ಚಿತ್ರಗಳನ್ನು ಆಗಾಗ ಹೋಗಿ ನೋಡುವವನು. ಇವುಗಳ ಕತೆ ಹೇಳಲೇಬೇಕು, ಯಾಕಂದ್ರೆ ಆ ಕತೆಯೇ ಮೂರನೇ ಚಿತ್ರದ ಹಾಗಿದೆ.

ಇವನ್ನು ಬರೆಸಿದ್ದು ಸ್ಯಾಮ್ಯುಯೆಲ್ ವಾರ್ಡ್ ಅನ್ನುವ ನ್ಯೂಯಾರ್ಕ್ ಬ್ಯಾಂಕರ್. 1837ರಲ್ಲಿ ಅಮೆರಿಕದಲ್ಲಿ ದೊಡ್ಡ ಹಣಕಾಸಿನ ಕುಸಿತ ಆಗಿತ್ತು. ಅದಾಗಿ ಎರಡು ವರ್ಷಕ್ಕೆ ಈ ಕೆಲಸ ಸಿಕ್ಕಿತು. ಆದರೆ ಚಿತ್ರ ಮುಗಿಯುವ ಮೊದಲೇ, 1839ರಲ್ಲಿ, ವಾರ್ಡ್ ತೀರಿಕೊಂಡ. ಕೋಲ್‌ಗೆ ಅವನ್ನು ಜನರ ಮುಂದೆ ಪ್ರದರ್ಶನಕ್ಕಿಡುವ ಆಸೆ. ವಾರಸುದಾರರ ಜೊತೆ ಅದು ಹೊಂದಲಿಲ್ಲ. ಆಗ ಏನು ಮಾಡಿದ ಗೊತ್ತಾ? ರೋಮ್‌ಗೆ ಹೋದಾಗ ನಾಲ್ಕನ್ನೂ ಮೊದಲಿಂದ ಮತ್ತೆ ಬರೆದ. ಒಂದೊಂದೂ ಸುಮಾರು ನಾಲ್ಕೂವರೆ ಅಡಿ ಎತ್ತರ, ಆರೂವರೆ ಅಡಿ ಅಗಲ. 1842ರಲ್ಲಿ ಆ ಎರಡನೇ ಸೆಟ್ ಮುಗಿಯಿತು. ವಾಷಿಂಗ್ಟನ್ನಿನಲ್ಲಿ ಇರುವುದು ಅದೇ. ಮೊದಲ ಸೆಟ್ ನ್ಯೂಯಾರ್ಕ್ ರಾಜ್ಯದ ಯೂಟಿಕಾ ಊರಿನ ಮ್ಯೂಸಿಯಂನಲ್ಲಿದೆ.

ಹಾಗಾಗಿ ಕೋಲ್‌ನನ್ನು ಕೈ ಜೋಡಿಸಿ ಕೂತವನು ಅಂತ ಓದಬೇಡಿ. ಚುಕ್ಕಾಣಿ ಕೈತಪ್ಪಿದಾಗ ಅವನು ಇನ್ನೊಂದು ದೋಣಿಯನ್ನೇ ಕಟ್ಟಿದ.

ಬೆಳ್ಳಿಮೋಡ_22
ಎಂಟು ದೊಡ್ಡ ಚಿತ್ರ, ಅದೂ ಒಂದೇ ವಿಷಯಕ್ಕೆ! ಛಲ ಅಂದ್ರೆ ಅದು.

ಸೌಮ್ಯ_ಹಾಸನ
ಎಲ್ಲರೂ ದೇವತೆ, ಚುಕ್ಕಾಣಿ ಅಂತಿದ್ದೀರಿ. ನನಗೆ ಕಾಣುವುದು ಬೇರೆ. ಆ ದೋಣಿಯಲ್ಲಿ ಒಬ್ಬನೇ ಯಾಕೆ ಇದ್ದಾನೆ? ಅಮ್ಮ ಇಲ್ಲ. ಹೆಂಡತಿ ಇಲ್ಲ. ಮಕ್ಕಳಿಲ್ಲ. ಮಗುವನ್ನು ಹೆತ್ತವಳ ಬದಲು ಒಂದು ಗುಹೆ! ಕೋಲ್‌ಗೆ 1836ರಲ್ಲಿ ಮದುವೆ ಆಗಿತ್ತು, ಮಕ್ಕಳೂ ಆದವು. ತುಂಬಿದ ಮನೆಯಲ್ಲಿ ಕೂತುಕೊಂಡು ಒಂಟಿ ದೋಣಿ ಬರೆದಿದ್ದಾನೆ.

ನನ್ನ ನಡುವಯಸ್ಸಿನ ದೋಣಿಯಲ್ಲಿ ಜಾಗವೇ ಇರಲಿಲ್ಲ. ಅತ್ತೆಯ ಔಷಧಿ, ಮಕ್ಕಳ ಫೀಸು, ತಮ್ಮನ ಮದುವೆ. ಪ್ರಪಾತ ಬಂದಾಗ ಕೈ ಜೋಡಿಸಿ ಮೇಲೆ ನೋಡಲು ನನ್ನ ಕೈ ಖಾಲಿ ಇರಬೇಕಲ್ಲ? 'ಜೀವನದ ಯಾನ' ಅಂತ ಹೆಸರಿಟ್ಟು ಎಲ್ಲರ ಜೀವನ ಇದೇ ಅನ್ನುವ ಹಾಗೆ ತೋರಿಸಿದರೆ ನಾನು ಒಪ್ಪಲಾರೆ.

ಕುಂಚ_ಮೇಷ್ಟ್ರು
ಸೌಮ್ಯಾ ಅವರೇ, ಪ್ರತೀಕದ ಚಿತ್ರ ಅಂದ್ರೆ ಹಾಗೇ. ಒಬ್ಬನನ್ನು ಇಟ್ಟು ಎಲ್ಲರನ್ನೂ ಹೇಳುವುದು. ದೋಣಿಯಲ್ಲಿ ಹತ್ತು ಜನ ಕೂತರೆ ಅದು ಒಂದು ಸಂಸಾರದ ಕತೆ ಆಗುತ್ತದೆ.

ಸೌಮ್ಯ_ಹಾಸನ
ಆಗಲಿ ಮೇಷ್ಟ್ರೇ, ಏನು ನಷ್ಟ? ಆ ಒಬ್ಬ ಯಾವಾಗಲೂ ಗಂಡಸೇ ಆಗಿರುತ್ತಾನೆ ಅನ್ನುವುದನ್ನೂ ನೋಡಿ. ಹೆಣ್ಣಿನ ರೂಪ ಕಾಣುವುದು ಹೆಚ್ಚಾಗಿ ಕಾಯುವ ದೇವತೆಯಲ್ಲಿ. ಚುಕ್ಕಾಣಿ ಹಿಡಿದುಕೊಟ್ಟು, ದಡದಲ್ಲಿ ನಿಂತು, ಕೊನೆಗೆ ಕರೆದುಕೊಂಡು ಹೋಗಲು ಬರುವವಳು. ಅವಳ ಬಾಲ್ಯ, ಅವಳ ಯೌವನ ಯಾವ ಚಿತ್ರದಲ್ಲಿದೆ?

ಗ್ರಂಥಾಲಯದ_ಮೂಲೆ
ಈ ಪ್ರಶ್ನೆಗೆ ಕೋಲ್‌ನ ಬರಹದಲ್ಲಿ ಉತ್ತರ ಸಿಗುವುದಿಲ್ಲ. ಅದಕ್ಕೇ ಒಳ್ಳೆಯ ಪ್ರಶ್ನೆ.

ಹೊಳೆಸಾಲು
ನಮ್ಮ ದಾಸರ ಪದದಲ್ಲೂ ಹರಿಗೋಲು ಬರುತ್ತದಲ್ಲ, ದೇಹಕ್ಕೆ ಹೋಲಿಸಿ, ಅದಕ್ಕೆ ಒಂಬತ್ತು ತೂತು ಅಂತ. ಅಲ್ಲೂ ಒಬ್ಬನೇ.

ಸೌಮ್ಯ_ಹಾಸನ
ಅಲ್ಲಿ ಒಬ್ಬನೇ ಅಲ್ಲ. ಅಂಬಿಗನ ಜೊತೆ ಮಾತಾಡುತ್ತಾ ಹೋಗುತ್ತಾನೆ. ತೂತು ನೋಡು, ಸುಳಿ ನೋಡು, ದಾಟಿಸು ಅಂತ ಹೆಸರು ಹಿಡಿದು ಕೂಗುತ್ತಾನೆ. ಕೋಲ್‌ನ ಮನುಷ್ಯನಿಗೆ ತನ್ನ ಜೊತೆ ಯಾರೋ ಇದ್ದಾರೆ ಅನ್ನುವುದೇ ಕೊನೆಯವರೆಗೆ ಗೊತ್ತಿಲ್ಲ. ಎರಡಕ್ಕೂ ಬಹಳ ದೂರ.

ತುಂಗಾತೀರದವ
ಇದು ನನಗೆ ಹೊಳೆದಿರಲಿಲ್ಲ. ನನ್ನ ತಕರಾರು ಇದೇ ಇರಬೇಕು. ದೇವತೆ ಸಹಾಯ ಮಾಡದೇ ಇದ್ದದ್ದು ಅಷ್ಟು ದೊಡ್ಡದಲ್ಲ. ಒಂದು ಮಾತೂ ಆಡಲಿಲ್ಲ ಅನ್ನುವುದು ಕಾಡುತ್ತದೆ.

ಆರನೇ_ಸೆಮಿಸ್ಟರ್
ನಾನು ಈ ಸರಣಿಯಲ್ಲಿ 'ಯೌವನ' ಒಂದನ್ನೇ ನೋಡಿದ್ದೆ. ನನ್ನ ಲ್ಯಾಪ್‌ಟಾಪ್ ವಾಲ್‌ಪೇಪರ್ ಅದು. ಆಕಾಶದಲ್ಲಿ ತೇಲುವ ಬಿಳಿ ಅರಮನೆ, ಗುಮ್ಮಟದ ಮೇಲೆ ಗುಮ್ಮಟ, ಕೈ ಚಾಚಿ ಅದರ ಕಡೆ ಹೊರಟ ಹುಡುಗ. ಪ್ಲೇಸ್‌ಮೆಂಟ್ ಸಮಯದಲ್ಲಿ ನೋಡಿದರೆ ಹುರುಪು ಬರುತ್ತದೆ. ಇದರ ಮುಂದೆ ಬಿರುಗಾಳಿ ಇದೆ ಅಂತ ಇವತ್ತೇ ಗೊತ್ತಾಗಿದ್ದು.

ಪೊಟೊಮ್ಯಾಕ್_ಕನ್ನಡಿಗ
ಹಾಗೆ ನೋಡಿದವನು ನೀನೊಬ್ಬನೇ ಅಲ್ಲ ತಮ್ಮಾ. ಕೋಲ್ ತೀರಿಕೊಂಡ ವರ್ಷವೇ, 1848ರಲ್ಲಿ, ಅಮೆರಿಕನ್ ಆರ್ಟ್ ಯೂನಿಯನ್ ಅನ್ನುವ ಸಂಸ್ಥೆ ಮೊದಲ ಸೆಟ್ಟನ್ನು ಲಾಟರಿಗೆ ಇಟ್ಟಿತು. ಆಮೇಲೆ ಆ ಸಂಸ್ಥೆಗಾಗಿ 'ಯೌವನ' ಚಿತ್ರವನ್ನು ಮಾತ್ರ ಜೇಮ್ಸ್ ಸ್ಮಿಲಿ ಅನ್ನುವವನು ಅಚ್ಚು ತೆಗೆಯಲು ಲೋಹದ ಹಲಗೆಯ ಮೇಲೆ ಕೆತ್ತಿದ. ಅದರ ಪ್ರತಿಗಳು ಸದಸ್ಯರ ಮನೆಮನೆಗೆ ಹೋದವು. ಆ ಕಾಲದ ಬಹಳ ಮನೆಗಳಲ್ಲಿ ಗೋಡೆಯ ಮೇಲೆ ಅರಮನೆ ಇತ್ತು, ಪ್ರಪಾತ ಇರಲಿಲ್ಲ.

ಕುಂಚ_ಮೇಷ್ಟ್ರು
ಆರನೇ ಸೆಮಿಸ್ಟರ್, ವಾಲ್‌ಪೇಪರ್ ತೆಗೆಯಬೇಡಿ. ಅದನ್ನೇ ಒಂದು ಸಲ ನಿಧಾನವಾಗಿ ನೋಡಿ. ನದಿ ನೇರವಾಗಿ ಅರಮನೆಗೆ ಹೋಗುತ್ತಿದೆ ಅನ್ನಿಸುತ್ತದೆ ಅಲ್ವಾ? ದೂರದಲ್ಲಿ ಮರಗಳ ಹತ್ತಿರ ಕಣ್ಣಿಡಿ. ಅಲ್ಲಿ ನದಿ ತಿರುಗಿಬಿಡುತ್ತದೆ. ಅರಮನೆಯ ಕಡೆ ಹೋಗುವುದೇ ಇಲ್ಲ. ಕಲ್ಲಿನ ಕಣಿವೆಯ ಕಡೆ ಹೊರಳುತ್ತದೆ. ಹುಡುಗನ ಕಣ್ಣು ಮೇಲಿದೆ, ಅದಕ್ಕೆ ಅವನಿಗೆ ಕಾಣುವುದಿಲ್ಲ. ನಮ್ಮ ಕಣ್ಣೂ ಬಿಳಿ ಬಣ್ಣಕ್ಕೆ ಮೊದಲು ಹೋಗುತ್ತದೆ, ಅದಕ್ಕೆ ನಮಗೂ ಕಾಣುವುದಿಲ್ಲ. ಇದು ಚಿತ್ರಕಾರನ ನಿಜವಾದ ಜಾಣ್ಮೆ. ನೋಡುವವನಿಂದ ಅದೇ ತಪ್ಪನ್ನು ಮಾಡಿಸುತ್ತಾನೆ. ಕೋಲ್ ಬರೆದಿಟ್ಟ ವಿವರಣೆಗಿಂತ ನನಗೆ ಈ ತಿರುವು ಜಾಸ್ತಿ ಇಷ್ಟ.

ಆರನೇ_ಸೆಮಿಸ್ಟರ್
ಈಗ ನೋಡಿದೆ. ನಿಜ. ಇಷ್ಟು ದಿನ ಆ ತಿರುವಿನ ಮೇಲೆ ನನ್ನ ಫೋಲ್ಡರ್‌ಗಳ ಐಕಾನ್ ಇದ್ದವು.

ಆದರೆ ಒಂದು ಮಾತು. ಅರಮನೆ ಸಿಗುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ ಯಾರು ದೋಣಿ ಬಿಡುತ್ತಾರೆ? ಆ ಹುಡುಗ ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸಲ್ಲ.

ತುಂಗಾತೀರದವ
ತಪ್ಪಲ್ಲ ಕಣಪ್ಪಾ. ಅಂಗಡಿ ತೆರೆದ ದಿನದ ನನ್ನ ಸಂತೋಷವನ್ನು ನಾನು ಇವತ್ತಿಗೂ ಯಾರಿಗೂ ಬಿಟ್ಟುಕೊಡಲ್ಲ.

ಕೆಂಪುಮಣ್ಣು
ಇದನ್ನು ಒಬ್ಬ ಮನುಷ್ಯನ ಜೀವನ ಅಂತ ಮಾತ್ರ ಯಾಕೆ ಓದಬೇಕು? ಆ ಹುಡುಗ ಅಮೆರಿಕ ದೇಶವೇ. ಪಶ್ಚಿಮಕ್ಕೆ ಹರಡುತ್ತಾ, ಕಾಡು ಕಡಿಯುತ್ತಾ, ಎಲ್ಲ ನಮ್ಮದೇ ಅಂತ ಹೊರಟಿದ್ದ ಹೊಸ ದೇಶ. ಹಾಗೆ ಓದುವ ವಿದ್ವಾಂಸರೂ ಇದ್ದಾರೆ. ಕೋಲ್ ಇದಕ್ಕೂ ಮೊದಲು, 1833ರಿಂದ 1836ರವರೆಗೆ, ಒಂದು ಸಾಮ್ರಾಜ್ಯ ಹುಟ್ಟಿ, ಮೆರೆದು, ಉರಿದು, ಹಾಳಾಗುವುದನ್ನು ಐದು ಚಿತ್ರಗಳಲ್ಲಿ ಬರೆದಿದ್ದ. ಐದರಲ್ಲೂ ಅದೇ ಒಂದು ಬೆಟ್ಟ ಹಿಂದೆ ನಿಂತಿರುತ್ತದೆ. ಮನುಷ್ಯರು ಕಟ್ಟಿದ್ದು ಬೀಳುತ್ತದೆ, ಬೆಟ್ಟ ಹಾಗೇ ಇರುತ್ತದೆ. 1836ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಕೊಡಲಿಯ ಹಾವಳಿ ದಿನದಿನಕ್ಕೆ ಹೆಚ್ಚುತ್ತಿದೆ ಅಂತ ನೊಂದುಕೊಂಡಿದ್ದ. ಅಂಥವನು ಆಕಾಶದ ಅರಮನೆ ಬರೆದರೆ ಅದರಲ್ಲಿ ದೇಶದ ದುರಾಸೆ ಇರಲೇಬೇಕು.

ಗ್ರಂಥಾಲಯದ_ಮೂಲೆ
'ಇರಲೇಬೇಕು' ಅನ್ನುವುದು ಜಾಸ್ತಿ ಆಯಿತು. 'ಇರಬಹುದು' ಅನ್ನಿ. ದೇಶದ ಬಗ್ಗೆ ಹೇಳಬೇಕಾದಾಗ ಅವನು ನೇರವಾಗಿ ಸಾಮ್ರಾಜ್ಯವನ್ನೇ ಬರೆದವನು. ಇಲ್ಲಿ ತೊಟ್ಟಿಲಿಂದ ಸಾವಿನವರೆಗೆ ಒಬ್ಬನನ್ನು ಇಟ್ಟಿದ್ದಾನೆ. ಮುಪ್ಪಿನ ಚಿತ್ರಕ್ಕೆ ನಿಮ್ಮ ಅರ್ಥ ಏನು? ಅಮೆರಿಕಕ್ಕೆ ಮುಪ್ಪು ಬಂದು ದೇವತೆ ಕರೆದುಕೊಂಡು ಹೋಯಿತೇ?

ಕೆಂಪುಮಣ್ಣು
ನಾಲ್ಕನೆಯದಕ್ಕೆ ಹೊಂದಲ್ಲ, ನಿಜ. ಆದರೆ ಎರಡನೆಯದಕ್ಕೆ ಹೊಂದುತ್ತದೆ. ಒಂದೇ ಚಿತ್ರಕ್ಕೆ ಎರಡು ಅರ್ಥ ಇರಬಾರದು ಅಂತ ಕಾನೂನಿಲ್ಲ.

ಬೆಳ್ಳಿಮೋಡ_22
ನಮ್ಮ ಮೈಸೂರು ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ರವಿವರ್ಮನದು. ಅದರಲ್ಲೂ ಒಳ ಅರ್ಥ ಇದೆ. ಆ ತೈಲಚಿತ್ರದ ಮುಂದೆ ನಿಂತರೆ ಹೊರಡಲು ಮನಸ್ಸೇ ಬರಲ್ಲ.

ಕುಂಚ_ಮೇಷ್ಟ್ರು
ಅದು ರವಿವರ್ಮನದಲ್ಲ, ಎಸ್.ಎಲ್. ಹಳದಣಕರ್ ಅವರದು. ತೈಲಚಿತ್ರವೂ ಅಲ್ಲ, ಜಲವರ್ಣ. ಬೆರಳುಗಳ ಸಂದಿಯಿಂದ ಬರುವ ಆ ಕೆಂಪು ಬೆಳಕನ್ನು ಜಲವರ್ಣದಲ್ಲಿ ತಂದಿದ್ದಾರೆ ಅನ್ನುವುದೇ ಅದರ ಹೆಚ್ಚುಗಾರಿಕೆ. ಹಳದಣಕರ್ ಅವರ ಹೆಸರನ್ನು ಮೈಸೂರಿನವರೇ ಮರೆಯುವುದು ನನಗೆ ಬೇಸರ ತರುತ್ತದೆ.

ಸೌಮ್ಯ_ಹಾಸನ
ಮತ್ತೆ ದೋಣಿಗೆ ಬನ್ನಿ ಎಲ್ಲರೂ.

ರಾತ್ರಿಪಾಳಿ
ನಾನು ನರ್ಸ್. ವಯಸ್ಸಾದವರ ವಾರ್ಡಿನಲ್ಲಿ ಕೆಲಸ. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾಲ್ಕನೇ ಚಿತ್ರದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅದರಲ್ಲಿ ಮುದುಕ ದೇವತೆಯನ್ನು ಮೊದಲ ಸಲ ಕಣ್ಣಾರೆ ನೋಡುತ್ತಾನೆ. ಅಲ್ಲಿಯವರೆಗೆ ಅದು ಕಾಣದೇ ಜೊತೆಗಿತ್ತು. ಆಕಾಶದಿಂದ ಬೆಳಕು ಬರುತ್ತಿದೆ. ಉಳಿದಂತೆ ಚಿತ್ರ ಪೂರ್ತಿ ಕಪ್ಪು. ಬಹಳ ಜನ ಇದನ್ನು ದೇವರ ಮೇಲಿನ ನಂಬಿಕೆ ಅಂತ ಓದುತ್ತಾರೆ. ಕೋಲ್‌ನ ಮನಸ್ಸಿನಲ್ಲೂ ಅದೇ ಇತ್ತು, ಅವನು ತುಂಬ ಭಕ್ತ.

ನಾನು ಕೆಲಸದಲ್ಲಿ ಕಂಡದ್ದು ಹೇಳುತ್ತೇನೆ. ಕೊನೆಯ ದಿನಗಳಲ್ಲಿ ಕೆಲವರು ತಮ್ಮನ್ನು ಯಾರು ಯಾರು ಕಾದರು ಅಂತ ಹೆಸರು ಹೇಳಲು ಶುರು ಮಾಡುತ್ತಾರೆ. ಶಾಲೆಗೆ ಫೀಸು ಕಟ್ಟಿದ ಸೋದರಮಾವ. ಬಾಣಂತನಕ್ಕೆ ಬಂದು ಮೂರು ತಿಂಗಳು ನಿಂತ ಪಕ್ಕದ ಮನೆಯವಳು. ಆಗ ಅವರಿಗೆ ಇವರು ಕಂಡಿರಲಿಲ್ಲ. ಪ್ರಪಾತದಲ್ಲಿರುವಾಗ ಹಿಂದೆ ತಿರುಗಿ ನೋಡಲು ಯಾರಿಗೆ ಪುರುಸೊತ್ತು? ಅದಕ್ಕೇ ನನಗೆ ಆ ದೇವತೆ ಒಬ್ಬಳಲ್ಲ. ತುಂಗಾತೀರದವರೇ, ಬೇಜಾರು ಮಾಡಿಕೊಳ್ಳಬೇಡಿ. ತೋಟದ ಒಂದು ಭಾಗ ಹೋಯಿತು ಅಂದಿರಿ. ಪೂರ್ತಿ ಹೋಗದ ಹಾಗೆ ತಡೆದವರು ಯಾರೂ ಇರಲಿಲ್ಲವಾ?

ಪೊಟೊಮ್ಯಾಕ್_ಕನ್ನಡಿಗ
ರಾತ್ರಿಪಾಳಿಯವರೇ, ನಿಮಗೆ ಒಂದು ವಿಷಯ ಹೇಳಲೇಬೇಕು. ಈ ಎರಡನೇ ಸೆಟ್ ಗ್ಯಾಲರಿಗೆ ಬರುವ ಮೊದಲು ಸಿನ್ಸಿನಾಟಿಯ ಒಂದು ಬಂಗಲೆಯಲ್ಲಿತ್ತು. ಆ ಬಂಗಲೆ ಮುಂದೆ ಆಸ್ಪತ್ರೆಯೊಂದರ ಕೈಗೆ ಹೋಯಿತು. ಚಿತ್ರಗಳು ಅಲ್ಲೇ ಉಳಿದವು. 1971ರಲ್ಲಿ ನ್ಯಾಷನಲ್ ಗ್ಯಾಲರಿ ತೆಗೆದುಕೊಂಡಿತು. ಆ ಮನೆಯಲ್ಲಿದ್ದ ಕಾಯಿಲೆಯವರು, ವಯಸ್ಸಾದವರು ಇವನ್ನು ಹೇಗೆ ಓದಿದರೋ, ಅವರನ್ನು ಕೇಳಬೇಕಿತ್ತು.

ಗ್ರಂಥಾಲಯದ_ಮೂಲೆ
ಕಲಾ ಪುಸ್ತಕಗಳಲ್ಲಿ ಅವರ ಮಾತು ಬರಲ್ಲ. ಬರಬೇಕಿತ್ತು.

ತುಂಗಾತೀರದವ
ರಾತ್ರಿಪಾಳಿಯವರೇ, ಬೇಜಾರಿಲ್ಲಮ್ಮಾ. ಇದ್ದರು. ನನ್ನ ಭಾವ. ಬ್ಯಾಂಕಿಗೆ ಜಾಮೀನು ನಿಂತವರು. ನನಗೆ ಹೇಳದೇ ಎರಡು ಕಂತು ಕಟ್ಟಿದ್ದರು. ಈಗ ಅವರಿಗೆ ಎಂಬತ್ತರ ಹತ್ತಿರ, ಶಿವಮೊಗ್ಗದಲ್ಲಿದ್ದಾರೆ.

ಆದರೂ ಕೋಲ್‌ನ ವಿವರಣೆಗೆ ನಾನು ತಲೆಬಾಗಲ್ಲ. ಅವನ ದೇವತೆ ಮೋಡದಲ್ಲಿ ಕೂತಿತ್ತು. ನಮ್ಮ ಭಾವ ಬ್ಯಾಂಕಿನ ಬೆಂಚಿನ ಮೇಲೆ ಕೂತಿದ್ದರು. ಇವರಿಬ್ಬರೂ ಒಂದೇ ಅಂತ ಹೇಳಿದರೆ ಭಾವನ ಖರ್ಚು, ಅವರ ಭಯ ಎಲ್ಲ ಮರೆತ ಹಾಗಾಗುತ್ತದೆ. ಅವರಿಗೂ ಆ ಹೊತ್ತಿಗೆ ಮದುವೆಗೆ ಬಂದ ಮಗಳಿದ್ದಳು.

ಸೌಮ್ಯ_ಹಾಸನ
ಇದನ್ನೇ ನಾನು ಆಗಿಂದ ಹೇಳುತ್ತಿರುವುದು. ನಿಮ್ಮ ಭಾವ ಮೋಡದಲ್ಲಿರಲಿಲ್ಲ, ನಿಮ್ಮ ದೋಣಿಯಲ್ಲೇ ಇದ್ದರು. ಕೋಲ್ ಅಂಥವರಿಗೆ ಜಾಗ ಬಿಡಲಿಲ್ಲ.

ಕುಂಚ_ಮೇಷ್ಟ್ರು
ಜಾಗ ಬಿಡದೇ ಇದ್ದದ್ದರಿಂದಲೇ ನೀವೆಲ್ಲ ನಿಮ್ಮ ನಿಮ್ಮವರನ್ನು ಅದರಲ್ಲಿ ತುಂಬಲು ಸಾಧ್ಯ ಆಯಿತು ಅಂತ ನಾನು ಹೇಳುತ್ತೇನೆ. ಸೌಮ್ಯಾ ಅವರು ಒಪ್ಪಲ್ಲ ಅಂತಲೂ ಗೊತ್ತು.

ಸೌಮ್ಯ_ಹಾಸನ
ಒಪ್ಪಲ್ಲ. ಖಾಲಿ ಬಿಟ್ಟದ್ದನ್ನೆಲ್ಲ ಚಿತ್ರಕಾರನ ಖಾತೆಗೆ ಹಾಕಬೇಡಿ ಮೇಷ್ಟ್ರೇ.

ಆರನೇ_ಸೆಮಿಸ್ಟರ್
ನಾಲ್ಕನ್ನೂ ದೊಡ್ಡ ಅಳತೆಯಲ್ಲಿ ನೋಡಬೇಕು. ಎಲ್ಲಿ ಸಿಗುತ್ತದೆ?

ಪೊಟೊಮ್ಯಾಕ್_ಕನ್ನಡಿಗ
ನ್ಯಾಷನಲ್ ಗ್ಯಾಲರಿಯ ಜಾಲತಾಣದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ದೊಡ್ಡ ಫೈಲನ್ನೇ ತೆಗೆದುಕೋ, ಮೋಡದ ಮುಖಗಳು ಚಿಕ್ಕದರಲ್ಲಿ ಕಾಣಲ್ಲ. ಇಲ್ಲಿಗೆ ಬಂದರೆ ಪ್ರವೇಶಕ್ಕೂ ದುಡ್ಡಿಲ್ಲ.

ಕುಂಚ_ಮೇಷ್ಟ್ರು
ಮೂರನೆಯದರಲ್ಲಿ ಇನ್ನೊಂದನ್ನೂ ಹುಡುಕು. ಬಂಡೆಗಳ ಆಚೆ, ದೂರದಲ್ಲಿ, ಕಡಲಿನ ಒಂದು ಗೆರೆ ಇದೆ. ಸಿಕ್ಕಿದರೆ ಇಲ್ಲಿ ಬರಿ, ಅದರ ಬಣ್ಣದ ಬಗ್ಗೆ ನನ್ನದೊಂದು ವಾದ ಇದೆ.